ಸಂಜೆ ಏಳರ ಹಸಿವಿಗೆ ರೊಟ್ಟಿ ಬುಟ್ಟಿ

ಕೆಲಸ ಹುಬ್ಬಳ್ಳಿಯಲ್ಲಿ, ಮನೆ ಧಾರವಾಡದಲ್ಲಿ. ಇಲ್ಲವೇ ಅದರ ತಿರುಗಾಮುರುಗಾ. ನಡುವಿನ 20 ಕಿಲೋಮೀಟರನ್ನು ಚಿಗರಿ ಬಸ್ಸು ಎಷ್ಟೇ ಚಿಗರಿಯಂತೆ ಜಿಗಿದು ದಾಟಿದರೂ ಮನೆ ಮುಟ್ಟುವಷ್ಟರಲ್ಲಿ ಏಳು ಹೊಡೆದಿರುತ್ತದೆ. ಚಪ್ಪಲಿ ಬಿಡುವ ಮೊದಲೇ ಒಳಗಿನಿಂದ ಕೂಗು: “ಅವ್ವಾ, ಹಸಿವ್ಯಾಗೇದ. ನೂಡಲ್ಸ್ ಮಾಡ್ತೀಯೇನು?” ಬೇಡ ಅನ್ನಬೇಕು ಅಂದುಕೊಳ್ಳುತ್ತೀರಿ. ಬೇಡ ಅಂದ ಮೇಲೆ ಮತ್ತೇನು ಕೊಡುವುದು? ಹಿಟ್ಟು ನಾದಬೇಕು, ಬದನೆಕಾಯಿ ಹೆಚ್ಚಬೇಕು, ಬ್ಯಾಳಿ ಬೇಯಬೇಕು. ಅಷ್ಟರಲ್ಲಿ ಎಂಟೂವರೆ. ಕೈ ತಾನಾಗಿಯೇ ಪ್ಯಾಕೆಟ್ಟಿನ ಕಡೆ ಹೋಗುತ್ತದೆ.

ಈ ಕೈಗೆ ಬೈದು ಪ್ರಯೋಜನವಿಲ್ಲ. ಅಡುಗೆ ಬರದೆ ಪ್ಯಾಕೆಟ್ ಹರಿಯುವವರು ನಮ್ಮಲ್ಲಿ ಕಡಿಮೆ. ಹೊತ್ತು ಸಾಲದೆ ಹರಿಯುವವರೇ ಹೆಚ್ಚು. ಪ್ಯಾಕೆಟ್ಟಿನೊಳಗೆ ನಾವು ದುಡ್ಡು ಕೊಟ್ಟು ಕೊಳ್ಳುವ ನಿಜವಾದ ಸರಕು ತಯಾರಿ. ಯಾರೋ ಮೊದಲೇ ನೂಡಲ್ಸನ್ನು ಹಬೆಯಲ್ಲಿ ಬೇಯಿಸಿ, ಹೆಚ್ಚಾಗಿ ಎಣ್ಣೆಯಲ್ಲಿ ಕರಿದು, ನೀರಿನಂಶ ತೆಗೆದು ಇಟ್ಟಿದ್ದಾರೆ. ನೀರು ಹೋದ ಪದಾರ್ಥಕ್ಕೆ ಬೂಸ್ಟು ಹಿಡಿಯುವುದಿಲ್ಲ, ಹಾಗಾಗಿ ಅದು ತಿಂಗಳುಗಟ್ಟಲೆ ಕಾಯುತ್ತದೆ.

ಇದೇ ಉಪಾಯ ನಮ್ಮ ಅಟ್ಟದ ಮೇಲಿನ ಬುಟ್ಟಿಯಲ್ಲಿ ಎಷ್ಟೋ ತಲೆಮಾರಿನಿಂದ ಇದೆ. ಕಡಕ್ ರೊಟ್ಟಿ ಅಂದರೆ ನೀರು ತೆಗೆದ ಊಟವೇ. ವ್ಯತ್ಯಾಸ ಇಷ್ಟೇ: ಅದರ ನೀರು ಹೋದದ್ದು ಹಂಚಿನ ಕಾವಿನಿಂದ, ಎಣ್ಣೆಯ ಕಡಾಯಿಯಿಂದಲ್ಲ. ಚಟ್ನಿಪುಡಿ, ಶಾವಿಗೆ, ಸಂಡಿಗೆ ಎಲ್ಲವೂ ಇದೇ ಲೆಕ್ಕದವು. ಹೊಲಕ್ಕೆ ಹೋಗುವವರು ಬುತ್ತಿ ಕಟ್ಟಿಕೊಂಡು ಹೋದದ್ದು ಈ ತಯಾರಿಯ ಬಲದ ಮೇಲೆ. ಆದ್ದರಿಂದ ಮೂರು ಹೊತ್ತೂ ಒಲೆ ಮುಂದೆ ನಿಲ್ಲಿ ಎಂದು ಈ ಲೇಖನ ಹೇಳುವುದಿಲ್ಲ. ವಾರಕ್ಕೊಮ್ಮೆ ಎರಡು-ಮೂರು ತಾಸು ತೆಗೆದಿಡಿ. ಉಳಿದ ಆರು ಸಂಜೆ ಹತ್ತು-ಹದಿನೈದು ನಿಮಿಷದಲ್ಲಿ ತಾಟು ತುಂಬುತ್ತದೆ.

ಮೊದಲು ಪ್ಯಾಕೆಟ್ಟಿನ ಹಿಂಬದಿ ಓದಿ

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಭಾರತೀಯರಿಗಾಗಿ ಪರಿಷ್ಕೃತ ಆಹಾರ ಮಾರ್ಗಸೂಚಿ ಹೊರತಂದಿತು. ಅತಿಯಾಗಿ ಸಂಸ್ಕರಿಸಿದ ತಿನಿಸನ್ನು ಕಡಿಮೆ ಮಾಡಿ, ಲೇಬಲ್ ಓದಿ ಕೊಳ್ಳಿ ಎಂಬ ಎರಡೂ ಮಾತು ಅದರಲ್ಲಿವೆ. ಓದುವುದಾದರೂ ಏನನ್ನು? ಎರಡೇ ಸಾಲು ಸಾಕು.

ಪದಾರ್ಥಗಳ ಪಟ್ಟಿಯಲ್ಲಿ ತೂಕ ಹೆಚ್ಚಿರುವುದು ಮೊದಲು ಬರುತ್ತದೆ. ಪೊಟ್ಟಣದ ಮೇಲೆ ರಾಗಿ ತೆನೆಯ ಚಿತ್ರವಿದ್ದು ಪಟ್ಟಿಯಲ್ಲಿ ಮೊದಲು ಮೈದಾ, ಆಮೇಲೆ ಸಕ್ಕರೆ, ಆಮೇಲೆ ಪಾಮ್ ಎಣ್ಣೆ ಇದ್ದರೆ ನೀವು ಕೊಂಡದ್ದು ಮೈದಾ ಬಿಸ್ಕೀಟು. ಇನ್ನೊಂದು ಸಾಲು ಸೋಡಿಯಂ. ಅದನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ಲೆಕ್ಕ ಸಿಗುತ್ತದೆ: 1,000 ಮಿಲಿಗ್ರಾಂ ಸೋಡಿಯಂ ಎಂದರೆ 2.5 ಗ್ರಾಂ ಉಪ್ಪು. ದೊಡ್ಡವರಿಗೇ ದಿನಕ್ಕೆ 5 ಗ್ರಾಂ, ಅಂದರೆ ಸುಮಾರು ಒಂದು ಚಹಾ ಚಮಚಕ್ಕಿಂತ ಹೆಚ್ಚು ಉಪ್ಪು ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮಕ್ಕಳಿಗೆ ಇನ್ನೂ ಕಡಿಮೆ. ಲೆಕ್ಕ ಹಾಕುವಾಗ ಆ ಅಂಕಿ 100 ಗ್ರಾಮಿಗೋ ಒಂದು ‘ಸರ್ವಿಂಗ್’ಗೋ ನೋಡಿಕೊಳ್ಳಿ. ನಿಮ್ಮ ಮಗ ಒಂದೇ ಸಲಕ್ಕೆ ಖಾಲಿ ಮಾಡುವ ಪೊಟ್ಟಣ ಕಂಪನಿಯ ಲೆಕ್ಕದಲ್ಲಿ ಇಬ್ಬರದ್ದಾಗಿರಬಹುದು.

ಈ ಅಳತೆಗೋಲು ಹಿಡಿದರೆ ಒಂದು ಸಂಕೋಚವೂ ಕಳೆಯುತ್ತದೆ. ಓಣಿಯ ಮಹಿಳಾ ಸಂಘದವರು ಬಡಿದ ರೊಟ್ಟಿ ಕೊಂಡರೆ ಅದು ‘ಹೊರಗಿನ ತಿಂಡಿ’ ಆಗುತ್ತದೆಯೇ ಎಂದು ಕೇಳುವವರಿದ್ದಾರೆ. ಅದರೊಳಗೆ ಇರುವುದು ಜೋಳ, ನೀರು, ಹೆಚ್ಚೆಂದರೆ ಉಪ್ಪು. ಧಾರಾಳವಾಗಿ ಕೊಳ್ಳಿ. ಅದರಿಂದ ಒಂದು ಮನೆಯ ಒಲೆಯೂ ಉರಿಯುತ್ತದೆ.

ಜೋಳದ ಜೊತೆ ಕಾಳು ಯಾಕೆ

ಜೋಳದ ಪ್ರೋಟೀನಿನಲ್ಲಿ ಲೈಸಿನ್ ಎಂಬ ಅಂಶ ಕಡಿಮೆ. ಬೇಳೆಕಾಳಿನಲ್ಲಿ ಅದು ಹೇರಳ. ರೊಟ್ಟಿಯ ಮಗ್ಗುಲಿಗೆ ಮಡಕಿಕಾಳು ಪಲ್ಯವೋ ಝುಣಕವೋ ಬಂದು ಕೂತಾಗ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಹಸಿ ಉಳ್ಳಾಗಡ್ಡಿ, ಸೌತೆಕಾಯಿ, ಎಳೆ ಮೆಂತ್ಯದ ಮೇಲೆ ಹಿಂಡಿದ ನಿಂಬೆಹುಳಿಗೂ ಕೆಲಸವಿದೆ: ಧಾನ್ಯ, ಕಾಳಿನಲ್ಲಿರುವ ಕಬ್ಬಿಣದಂಶವನ್ನು ಮೈ ಹೀರಿಕೊಳ್ಳಲು ಅದರ ಸಿ ಜೀವಸತ್ವ ನೆರವಾಗುತ್ತದೆ. ಕಾಯಿಸಿದರೆ ಈ ಜೀವಸತ್ವ ಸಾಕಷ್ಟು ಹಾಳು. ಅದಕ್ಕೇ ಹಸಿಯಾಗಿ ತಿನ್ನುವುದು. ಊಟ ಮುಗಿದ ಕೂಡಲೇ ಚಹಾ ಕುಡಿದರೆ ಈ ಲಾಭ ಕೈತಪ್ಪುತ್ತದೆ, ಯಾಕೆಂದರೆ ಚಹಾದ ಒಗರು ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುತ್ತದೆ. ಧಾರವಾಡದವರಿಗೆ ಚಹಾ ಬಿಡಿ ಎನ್ನುವ ಧೈರ್ಯ ನನಗಿಲ್ಲ, ಒಂದು ತಾಸು ಬಿಟ್ಟು ಕುಡಿಯಿರಿ ಎನ್ನಬಲ್ಲೆ.

ವಾರದ ತಯಾರಿ

1. ಶನಿವಾರ ಬೆಳಿಗ್ಗೆ ಕಾಳು ನೆನೆಹಾಕಿ. ಮಡಕಿ ಇಲ್ಲವೇ ಹೆಸರುಕಾಳು ಎರಡು ಬಟ್ಟಲು. ಎಂಟು ತಾಸು ನೆನೆದ ಮೇಲೆ ನೀರು ಬಸಿದು, ಚೆನ್ನಾಗಿ ತೊಳೆದು, ತೆಳು ಅರಿವೆಯಲ್ಲಿ ಗಂಟು ಕಟ್ಟಿಡಿ. ಭಾನುವಾರ ಬೆಳಿಗ್ಗೆ ಮೊಳಕೆ ಇಣುಕಿರುತ್ತದೆ. ಮೊಳಕೆ ಒಡೆಯುವಾಗ ಕಾಳಿನಲ್ಲಿರುವ ಫೈಟಿಕ್ ಆಮ್ಲ ಕಡಿಮೆಯಾಗುತ್ತದೆ, ಖನಿಜಾಂಶ ಮೈಗೆ ಹತ್ತುತ್ತದೆ. ಮುಚ್ಚಿದ ಡಬ್ಬಿಯಲ್ಲಿ ಫ್ರಿಜ್ಜಿನಲ್ಲಿಟ್ಟು ಮೂರು ದಿನದೊಳಗೆ ಬಳಸಿ. ಅದೂ ಆಗದಿದ್ದರೆ ಮೊಳಕೆ ಬಂದ ಕಾಳೇ ಸಂತೆಯಲ್ಲಿ ಸಿಗುತ್ತದೆ. ಲೋಳೆ ಇಲ್ಲದ್ದು, ಹುಳಿ ವಾಸನೆ ಬರದ್ದು ನೋಡಿ ತನ್ನಿ.

2. ರೊಟ್ಟಿ. ಇದಕ್ಕೆ ಸ್ವಲ್ಪ ಹೆಚ್ಚು ಜಾಗ ಬೇಕು, ಯಾಕೆಂದರೆ ಬಹಳ ಮಂದಿ ಕೈಬಿಡುವುದು ಇಲ್ಲೇ.

ಗೋದಿಹಿಟ್ಟು ನಾದಿದಾಗ ಜಿಗುಟು ಬರುವುದು ಗ್ಲುಟೆನ್ನಿನಿಂದ. ಜೋಳದಲ್ಲಿ ಅದು ಇಲ್ಲ. ತಣ್ಣೀರಲ್ಲಿ ಕಲಸಿದ ಜೋಳದ ಹಿಟ್ಟು ಬಡಿಯುವಾಗ ಅಂಚು ಸೀಳುವುದು ಅದಕ್ಕೇ. ಕುದಿಯುವ ಎಸರು ಬಿದ್ದಾಗ ಹಿಟ್ಟಿನೊಳಗಿನ ಪಿಷ್ಟ ಬೆಂದು ಗಂಜಿಯಂತಾಗುತ್ತದೆ. ಆ ಗಂಜಿಯೇ ಅಂಟು. ನಮ್ಮ ಅತ್ತೆಗೆ ಪಿಷ್ಟ ಗೊತ್ತಿರಲಿಲ್ಲ, ಎಸರು ಗೊತ್ತಿತ್ತು. “ನೀರು ಕುದಿಲಾರದ ಹಿಟ್ಟು ಹಾಕಿದ್ರ ರೊಟ್ಟಿ ನಿನ್ನ ಮಾತು ಕೇಳೂದುಲ್ಲ” ಅನ್ನುತ್ತಿದ್ದರು.

ಹಿಟ್ಟು ಹೊಸದಿರಬೇಕು. ಜೋಳದ ಮೊಳಕೆಭಾಗದಲ್ಲಿ ಎಣ್ಣೆಯಂಶವಿದೆ. ಬೀಸಿದ ಮೇಲೆ ಗಾಳಿ ತಾಗಿ ಅದು ಕಮಟುತ್ತದೆ, ಜಿಗಿಯೂ ಹೋಗುತ್ತದೆ, ರುಚಿ ಕಹಿಯಾಗುತ್ತದೆ. ಗಿರಣಿಗೆ ಒಂದೇ ಸಲ ಹತ್ತು ಕಿಲೋ ಒಯ್ಯಬೇಡಿ. ಹದಿನೈದು ದಿನಕ್ಕೆ ಬೇಕಾದಷ್ಟೇ ಬೀಸಿಸಿ. ಕಾಳು ಮಾತ್ರ ವರ್ಷಕ್ಕಾಗುವಷ್ಟು ತಂದಿಟ್ಟುಕೊಂಡರೂ ಕೆಡುವುದಿಲ್ಲ. ಹಿಂಗಾರಿ ಬಿಳಿಜೋಳ ರಾಶಿಯಾಗಿ ಪೇಟೆಗೆ ಬರುವ ಫೆಬ್ರುವರಿ–ಮಾರ್ಚಿನಲ್ಲಿ ಕೊಂಡು, ಬಿಸಿಲಿಗೆ ಹಾಕಿ, ಒಣ ಬೇವಿನ ಸೊಪ್ಪಿನೊಂದಿಗೆ ತುಂಬಿಡುವ ರೂಢಿ ಇನ್ನೂ ಇದೆ. ಮಾಲ್ದಂಡಿ ಸಿಕ್ಕರೆ ಬಿಡಬೇಡಿ. ಸೊಲ್ಲಾಪುರ ಸೀಮೆಯ ಈ ಹಳೆಯ ತಳಿಯ ರೊಟ್ಟಿಯ ಬಿಳುಪು, ಮೆದುವು ಬೇರೆಯೇ.

ಮಾಡುವ ಬಗೆ: ಎರಡು ಬಟ್ಟಲು ಹಿಟ್ಟಿಗೆ ಸುಮಾರು ಒಂದೂವರೆ ಬಟ್ಟಲು ನೀರು. ನೀರು ಮಳಮಳ ಕುದಿಯುವಾಗ ಅರ್ಧ ಹಿಟ್ಟು ಹಾಕಿ, ತಿರುವಿ, ಒಲೆ ಆರಿಸಿ ಐದು ನಿಮಿಷ ಮುಚ್ಚಿಡಿ. ಪರಾತದಲ್ಲಿ ಉಳಿದ ಹಿಟ್ಟು ಕೂಡಿಸಿ, ಕೈ ತಾಳುವಷ್ಟು ಬಿಸಿ ಇರುವಾಗಲೇ ಅಂಗೈ ಬುಡದಿಂದ ಒತ್ತಿ ಒತ್ತಿ ನಾದಿ. ಒಂದೊಂದು ರೊಟ್ಟಿಗೆ ಮುನ್ನ ಆ ಉಂಡೆಯನ್ನು ಮತ್ತೊಮ್ಮೆ ನಾದಬೇಕು. ಈ ಎರಡನೇ ನಾದಿಕೆ ತಪ್ಪಿಸಿದವರಿಗೇ ಸೀಳು ಹೆಚ್ಚು. ಹಂಚಿಗೆ ಹಾಕಿದೊಡನೆ ಮೇಲ್ಮೈಗೆ ಒದ್ದೆ ಅರಿವೆ ಸವರಿ. ಒಣಹಿಟ್ಟು ಹೋಗುತ್ತದೆ, ಬಿರುಕು ಮುಚ್ಚುತ್ತದೆ, ಒಳಗಿನ ಹಬೆ ಹೊರಹೋಗಲಾರದೆ ರೊಟ್ಟಿ ಉಬ್ಬುತ್ತದೆ.

ಬಡಿಯಲು ಬಾರದೆ? ಲಟ್ಟಣಿಗೆಯಿಂದ ಲಟ್ಟಿಸಿ. ಹಿರಿಯರು ಮೂಗು ಮುರಿದಾರು, ಹೊಟ್ಟೆಗೆ ಹೋದ ಮೇಲೆ ಬಡಿದದ್ದೋ ಲಟ್ಟಿಸಿದ್ದೋ ಯಾರಿಗೆ ಗೊತ್ತು.

ಕಡಕ್ ಆಗಬೇಕಾದರೆ ತೆಳ್ಳಗೆ ಮಾಡಿ, ಎರಡೂ ಮಗ್ಗುಲು ಬೆಂದ ಮೇಲೆ ಸಣ್ಣ ಉರಿಯಲ್ಲಿ ಅರಿವೆಯಿಂದ ಒತ್ತುತ್ತ ಒಣಗಿಸಿ. ಮುರಿದರೆ ಟಪ್ ಎನ್ನಬೇಕು. ಪೂರಾ ಆರಿದ ಮೇಲೆ ಅರಿವೆ ಹಾಸಿದ ಬುಟ್ಟಿಗೋ ಡಬ್ಬಿಗೋ ಹಾಕಿಡಿ. ನಾಲ್ಕು ಜನರ ಮನೆಗೆ ಒಂದು ಭಾನುವಾರ 20 ರೊಟ್ಟಿಯಾದರೆ ವಾರ ದಾಟುತ್ತದೆ. ಎಲ್ಲ ಹೊತ್ತಿಗೂ ಅದನ್ನೇ ತಿನ್ನಿ ಎಂದಲ್ಲ; ತಡವಾದ ದಿನಕ್ಕೆ ಅದು ಆಸರೆ.

3. ಚಟ್ನಿಪುಡಿ ಎರಡು ಬಗೆ. ಶೇಂಗಾದ್ದು ಒಂದು ಇರಲಿ, ಇನ್ನೊಂದು ಗುರೆಳ್ಳಿನದೋ ಅಗಸಿಯದೋ. ಶೇಂಗಾ ಹಿಂಡಿಗೆ ಕಾಲು ಕಿಲೋ ಶೇಂಗಾ ಸಣ್ಣ ಉರಿಯಲ್ಲಿ ಹುರಿದು, ಆರಿಸಿ, ಸಿಪ್ಪೆ ತಿಕ್ಕಿ ತೆಗೆಯಿರಿ. ಹತ್ತು–ಹನ್ನೆರಡು ಎಸಳು ಬೆಳ್ಳುಳ್ಳಿ, ಒಂದು ಚಮಚ ಜೀರಿಗೆ, ಎರಡು ದೊಡ್ಡ ಚಮಚ ಬ್ಯಾಡಗಿ ಖಾರ, ಚೂರು ಬೆಲ್ಲ, ಒಂದು ಚಹಾ ಚಮಚ ಉಪ್ಪು. ಒರಳಿದ್ದರೆ ಕುಟ್ಟಿ. ಮಿಕ್ಸಿಯಾದರೆ ತಡೆತಡೆದು ತಿರುಗಿಸಿ. ಒಂದೇ ಸಮನೆ ಬಿಟ್ಟರೆ ಬಿಸಿಗೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. 2011ರಲ್ಲಿ ಭೌಗೋಳಿಕ ಗುರುತು ಪಡೆದ ಬ್ಯಾಡಗಿ ಮೆಣಸಿನಕಾಯಿಯಲ್ಲಿ ಬಣ್ಣ ಹೆಚ್ಚು, ಖಾರ ಕಡಿಮೆ. ಹಾಗಾಗಿ ಮಕ್ಕಳ ತಾಟಿಗೂ ಒಗ್ಗುತ್ತದೆ.

ಅಗಸಿಯನ್ನು ಮಾತ್ರ ಸ್ವಲ್ಪಸ್ವಲ್ಪವೇ ಮಾಡಿ. ಇಡಿಯಾಗಿ ನುಂಗಿದ ಅಗಸಿ ಜೀರ್ಣವಾಗದೆ ಹೊರಹೋಗುವುದರಿಂದ ಪುಡಿ ಮಾಡುವುದೇ ಸರಿ. ಆದರೆ ಅದರ ಒಮೆಗಾ–3 ಎಣ್ಣೆ ಬೇಗ ಕಮಟುವಂಥದ್ದು. ಹತ್ತು ದಿನಕ್ಕಾಗುವಷ್ಟು ಸಾಕು, ಗಾಜಿನ ಬಾಟಲಿಯಲ್ಲಿ.

4. ಗಿರಮಿಟ್ ಗೊಜ್ಜು. ಏಳು ಗಂಟೆಯ “ಹಸಿವ್ಯಾಗೇದ”ಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಗೊತ್ತಿಲ್ಲ. ನಾಲ್ಕು ಉಳ್ಳಾಗಡ್ಡಿ ಸಣ್ಣಗೆ ಹೆಚ್ಚಿ, ಸಾಸಿವೆ, ಕರಿಬೇವು, ಹಸಿಮೆಣಸಿನಕಾಯಿ, ಅರಿಶಿನದೊಂದಿಗೆ ಮೂರು ಚಮಚ ಎಣ್ಣೆಯಲ್ಲಿ ಬಾಡಿಸಿ, ಹುಣಸೆಹುಳಿ, ಚೂರು ಬೆಲ್ಲ, ಉಪ್ಪು ಹಾಕಿ ಗಟ್ಟಿಯಾಗುವವರೆಗೆ ಕುದಿಸಿ. ಫ್ರಿಜ್ಜಿನಲ್ಲಿ ಮೂರು ದಿನ ಇರುತ್ತದೆ. ಬೇಕಾದಾಗ ಎರಡು ಚಮಚ ಗೊಜ್ಜು, ಒಂದು ಬೋಗುಣಿ ಚುರುಮುರಿ, ಪುಟಾಣಿ ಹಿಟ್ಟು, ಹಸಿ ಉಳ್ಳಾಗಡ್ಡಿ, ಟೊಮೇಟೊ, ಕೊತ್ತಂಬರಿ. ಕಲಸಲು ಎರಡೇ ನಿಮಿಷ. ಜಾಹೀರಾತಿನವರ ಎರಡು ನಿಮಿಷಕ್ಕಿಂತ ನಿಜವಾದ ಎರಡು ನಿಮಿಷ. ತಿನ್ನುವ ಹೊತ್ತಿಗೇ ಕಲಸಿ, ಇಲ್ಲದಿದ್ದರೆ ಚುರುಮುರಿ ಮೆತ್ತಗಾಗುತ್ತದೆ. ಬಗಲಿಗೆ ಮಿರ್ಚಿ ಕರಿದಿರೋ, ಆರೋಗ್ಯದ ಮಾತು ಅಲ್ಲಿಗೆ ಮುಗಿಯಿತು.

5. ತಾಲಿಪಟ್ಟಿ ಹಿಟ್ಟು. ಒಂದು ಕಿಲೋ ಜೋಳಕ್ಕೆ ಕಾಲು ಕಿಲೋ ಗೋದಿ, ಕಾಲು ಕಿಲೋ ಕಡ್ಲಿಬ್ಯಾಳಿ, ಒಂದು ಮುಷ್ಟಿ ಧನಿಯಾ, ಅರ್ಧ ಮುಷ್ಟಿ ಜೀರಿಗೆ ಹುರಿದು ಬೀಸಿಸಿದರೆ ನಿಮ್ಮದೇ ‘ಇನ್‌ಸ್ಟಂಟ್ ಮಿಕ್ಸ್’. ಉಳ್ಳಾಗಡ್ಡಿಯೋ ಮೆಂತ್ಯವೋ ಸೇರಿಸಿ ಕಲಸಿ ಹಂಚಿನ ಮೇಲೆ ತಟ್ಟಿದರಾಯಿತು. ಶಾಲೆಯ ಡಬ್ಬಿಗೂ ಒಳ್ಳೆಯದು.

ಹದಿನೈದು ನಿಮಿಷದ ತಾಟು

ಮೇಲಿನವು ಕೈಯಲ್ಲಿದ್ದರೆ ರಾತ್ರಿಯ ಊಟ ಹೀಗೆ ಕೂಡುತ್ತದೆ. ಬಾಣಲೆಯಲ್ಲಿ ಒಗ್ಗರಣೆಗೆ ಉಳ್ಳಾಗಡ್ಡಿ, ಬೆಳ್ಳುಳ್ಳಿ, ಹಸಿಮೆಣಸು. ನೀರು ಕುದ್ದಾಗ ಕಡ್ಲಿಹಿಟ್ಟು ಉದುರಿಸುತ್ತ ತಿರುವಿದರೆ ಏಳೆಂಟು ನಿಮಿಷದಲ್ಲಿ ಝುಣಕ. ಇನ್ನೊಂದು ದಿನ ಮೊಳಕೆ ಮಡಕಿ, ಕುಕ್ಕರಿನಲ್ಲಿ ಒಂದೇ ಸೀಟಿ. ಪಕ್ಕದ ಒಲೆ ಖಾಲಿಯೇ ಇರಲಿ, ಆ ಹೊತ್ತಿಗೆ ಯಾರಾದರೂ ಗಜ್ಜರಿ, ಸೌತೆಕಾಯಿ ಕೊಚ್ಚಿ ಪಚ್ಚಡಿ ಕಲಸಲಿ. ಕಡಕ್ ರೊಟ್ಟಿ, ಹಿಂಡಿ, ಮೇಲೊಂದು ಚಮಚ ಎಣ್ಣೆ ಅಥವಾ ಮೊಸರು. ಅನ್ನ ಬೇಕೇ ಬೇಕು ಅನ್ನುವವರಿಗೆ ಅನ್ನವೂ ಇರಲಿ, ಜಗಳ ಬೇಡ.

ಎಚ್ಚರಿಕೆಗಳು

ಶೇಂಗಾದಲ್ಲಿ ಬೂಸ್ಟು ಹಿಡಿದ, ಕಪ್ಪಾದ, ಸುಕ್ಕಾದ ಬೀಜ ಕಂಡರೆ ಆರಿಸಿ ಎಸೆಯಿರಿ. ಆ ಶಿಲೀಂಧ್ರ ಬಿಡುವ ಅಫ್ಲಾಟಾಕ್ಸಿನ್ ಯಕೃತ್ತಿಗೆ ವಿಷ, ಹುರಿದರೂ ಪೂರ್ತಿ ಹೋಗುವುದಿಲ್ಲ. ರಾಶಿಯೇ ಕಮಟು ವಾಸನೆ ಹೊಡೆದರೆ ದುಡ್ಡು ಹೋಯಿತೆಂದು ಮರುಗದೆ ಚೆಲ್ಲಿ.

ಸಣ್ಣ ಮಕ್ಕಳಿಗೆ ಇಡೀ ಶೇಂಗಾ ಕೊಡಬೇಡಿ, ಗಂಟಲಿಗೆ ಸಿಕ್ಕೀತು, ಪುಡಿಯೇ ಸರಿ. ಶೇಂಗಾ ತಿಂದ ಮೇಲೆ ಮೈ ದದ್ದು ಏಳುವುದು, ತುಟಿ ಊದುವುದು ಕಂಡರೆ ಮತ್ತೆ ತಿನ್ನಿಸದೆ ವೈದ್ಯರಿಗೆ ತೋರಿಸಿ. ಉಸಿರಾಟಕ್ಕೆ ತೊಂದರೆಯಾದರೆ ಕಾಯದೆ ಆಸ್ಪತ್ರೆಗೆ ಓಡಿ.

ಮೊಳಕೆಯ ಬಿಸುಪು, ತೇವ ರೋಗಾಣುವಿಗೂ ಹಿತ. ಮಕ್ಕಳು, ಬಸುರಿಯರು, ವಯಸ್ಸಾದವರಿಗೆ ಮೊಳಕೆಕಾಳು ಬೇಯಿಸಿಯೇ ಕೊಡಿ.

ಅನ್ನ ಹೊರಗೆ ಬಹಳ ಹೊತ್ತು ಕೂತರೆ ಅದರಲ್ಲಿ ಬೆಳೆಯುವ ಒಂದು ಬ್ಯಾಕ್ಟೀರಿಯಾದ ವಿಷ ಮತ್ತೆ ಬಿಸಿ ಮಾಡಿದರೂ ನಾಶವಾಗದು. ಉಳಿದ ಅನ್ನವನ್ನು ಒಂದೆರಡು ತಾಸಿನೊಳಗೆ ಫ್ರಿಜ್ಜಿಗೆ ಸೇರಿಸಿ. ಏಪ್ರಿಲ್ ಬಿಸಿಲಿನಲ್ಲಿ ರಾತ್ರಿಯ ಅನ್ನವನ್ನು ಕಟ್ಟೆಯ ಮೇಲೆ ಬಿಟ್ಟು ಬೆಳಿಗ್ಗೆ ಚಿತ್ರಾನ್ನ ಮಾಡಿ ಡಬ್ಬಿಗೆ ತುಂಬುವುದು ಖಂಡಿತ ಬೇಡ.

ಸಾಮಾನ್ಯ ತಪ್ಪುಗಳು

‘ಮನೆಯದು’ ಅಂದ ಮಾತ್ರಕ್ಕೆ ಎಲ್ಲವೂ ಹಿತ ಎಂದು ತಿಳಿಯುವುದು. ನಮ್ಮ ರಂಜಕ, ಉಪ್ಪಿನಕಾಯಿ, ಹಪ್ಪಳದಲ್ಲಿ ಉಪ್ಪು ಕಡಿಮೆಯೇನಲ್ಲ. ಉಪ್ಪಿನ ಬಲದಿಂದಲೇ ಅವು ಕೆಡದೆ ಉಳಿಯುವುದು. ರಕ್ತದೊತ್ತಡ ಇರುವವರ ತಾಟಿನಲ್ಲಿ ಮೂರೂ ಒಟ್ಟಿಗೆ ಬೇಡ.

ಒಂದೇ ದಿನ ಎಲ್ಲ ಪ್ಯಾಕೆಟ್ ಬಂದ್ ಮಾಡುವುದು. ನಾನು ಮಾಡಿ ನೋಡಿದ್ದೇನೆ. ಮೂರನೇ ದಿನ ಮಗನ ಪಾಟಿಚೀಲದಲ್ಲಿ ಗೆಳೆಯನಿಂದ ಈಸಿಕೊಂಡ ಚಿಪ್ಸು ಸಿಕ್ಕಿತು. ವಾರಕ್ಕೆ ನಾಲ್ಕು ಸಂಜೆಯ ನೂಡಲ್ಸು ಒಂದಕ್ಕಿಳಿದರೆ ಅದೇ ದೊಡ್ಡದು. ಹೊಸ ಪಲ್ಯವನ್ನು ಮಗು ಮೊದಲ ಸಲವೇ ತಿನ್ನಬೇಕೆಂಬ ಹಟವೂ ಬೇಡ. ಹತ್ತಾರು ಸಲ ತಾಟಿನ ಮೂಲೆಯಲ್ಲಿ ಕಂಡ ಮೇಲೆ ಒಂದು ದಿನ ಬಾಯಿಗಿಟ್ಟೀತು.

ಒದ್ದೆ ಚಮಚವನ್ನು ಚಟ್ನಿಪುಡಿಯ ಬಾಟಲಿಗೆ ಹಾಕುವುದು. ಮಳೆಗಾಲದಲ್ಲಿ ಒಂದು ಹನಿ ನೀರು ಸಾಕು ಬಾಟಲಿ ಹಾಳಾಗಲು. ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಕಡಕ್ ರೊಟ್ಟಿಯೂ ಮೆತ್ತಗಾಗುತ್ತದೆ. ಬೂಸ್ಟಿಲ್ಲದಿದ್ದರೆ ಮತ್ತೆ ಹಂಚಿನ ಮೇಲೆ ಒಂದು ಸುತ್ತು ಬಿಸಿ ಮಾಡಿದರೆ ಟಪ್ ಎನ್ನುತ್ತದೆ.

ಬಿಸಿ ಬಿಸಿ ತಾಲಿಪಟ್ಟಿಯನ್ನು ಡಬ್ಬಿಗೆ ತುಂಬಿ ಮುಚ್ಚುವುದು. ಹಬೆ ನೀರಾಗಿ ಇಳಿದು, ಮಧ್ಯಾಹ್ನಕ್ಕೆ ತೊಯ್ದ ತುಣುಕು. ಐದು ನಿಮಿಷ ಆರಿಸಿ.

ಎಲ್ಲವನ್ನೂ ಒಬ್ಬಾಕೆಯೇ ಮಾಡುವುದು. ಇದು ಎಲ್ಲಕ್ಕಿಂತ ದೊಡ್ಡ ತಪ್ಪು; ಹೀಗೆ ನಡೆಸಿದ ಭಾನುವಾರ ಮೂರನೆಯದಕ್ಕೆ ನಿಂತುಹೋಗುತ್ತದೆ. ಶೇಂಗಾ ಸಿಪ್ಪೆ ತೆಗೆಯಲು ಎಂಟು ವರ್ಷದ ಮಗು ಸಾಕು. ಗಿರಣಿಗೆ ಹೋಗಿ ಬರಲು ಮಾವನವರಿಗೆ ಬೇಸರವೇನಿಲ್ಲ, ಅಲ್ಲಿ ಹರಟೆಯೂ ಸಿಗುತ್ತದೆ. ರೊಟ್ಟಿ ಬಡಿಯಲು ಬೇಕಾದ ಅಂಗೈ ಗಂಡಸರಿಗೂ ಎರಡೆರಡಿವೆ.

ಬೆಂಗಳೂರಿಗೆ ಕಳಿಸುವುದಾದರೆ

ಹಾಸ್ಟೆಲ್ಲಿನಲ್ಲೋ ಬಾಡಿಗೆ ಕೋಣೆಯಲ್ಲೋ ಇರುವ ಮಕ್ಕಳು ಪ್ಯಾಕೆಟ್ಟಿಗೆ ಬೇಗ ಬೀಳುತ್ತಾರೆ. ಅವರಿಗೆ ಕಡಕ್ ರೊಟ್ಟಿ ಕಳಿಸುವಾಗ ಹತ್ತತ್ತರ ಕಟ್ಟು ಮಾಡಿ, ಕಾಗದ ಸುತ್ತಿ, ಗಟ್ಟಿ ಡಬ್ಬಿಯಲ್ಲಿ ನಿಲ್ಲಿಸಿಡಿ. ಮಲಗಿಸಿ ಪೇರಿಸಿದರೆ ಕೆಳಗಿನವು ನುಚ್ಚಾಗುತ್ತವೆ. ಹಿಂಡಿ ಬೇರೆ ಬಾಟಲಿಯಲ್ಲಿ, ಅದರೊಳಗೊಂದು ಒಣ ಚಮಚ.

ಎಷ್ಟು ಜೋಪಾನ ಮಾಡಿದರೂ ರಾತ್ರಿ ಬಸ್ಸಿನಲ್ಲಿ ಅರ್ಧ ಮುರಿದೇ ಮುರಿಯುತ್ತವೆ. ಆ ಮುರುಕನ್ನು ಹತ್ತು ನಿಮಿಷ ಮಜ್ಜಿಗೆಯಲ್ಲಿ ನೆನೆಸಿ, ಹಸಿ ಉಳ್ಳಾಗಡ್ಡಿ, ಉಪ್ಪು, ಒಂದು ಚಮಚ ಶೇಂಗಾ ಹಿಂಡಿ ಕಲಸಿಕೊಂಡರಾಯಿತು. ಒಲೆಯೂ ಬೇಡ, ಬಿಸಿನೀರೂ ಬೇಡ.